ತಲೆಗೇ ಗುಂಡು ಬಿದ್ದರೂ ಅವನು ಯಾಕೆ ಸಾಯಲಿಲ್ಲ?

ಕೌಂಟರ್ ಸ್ಟ್ರೈಕ್ 2 ಅನ್ನೋ ಶೂಟಿಂಗ್ ಗೇಮ್‌ನಲ್ಲಿ ಎಂ4ಎ4 ಬಂದೂಕು ಹಿಡಿದು ಹತ್ತಿರದಿಂದಲೇ ಎದುರಾಳಿಯ ತಲೆಗೆ ಹೊಡೆದಿರಿ. 92 ಡ್ಯಾಮೇಜ್ ಅಂತ ಬಂತು, ಆದರೂ ಅವನು ಸಾಯಲಿಲ್ಲ. ಅವನ ಎಕೆ-47 ಮಾತ್ರ ಒಂದೇ ಗುಂಡಿಗೆ ನಿಮ್ಮನ್ನು ಮುಗಿಸಿತು. ಇದು ಗೇಮ್‌ನ ದೋಷವಾ ಅಂತ ಕೇಳಿದ್ದೀರಿ. ಅಲ್ಲ, ಲೆಕ್ಕ ಸರಿಯಾಗೇ ಇದೆ.

ಎಲ್ಲರಿಗೂ ಇರೋದು 100 ಹೆಲ್ತ್. ಎಂ4ಎ4 ಗುಂಡಿನ ಮೂಲ ಡ್ಯಾಮೇಜ್ 33. ತಲೆಗೆ ಬಿದ್ದರೆ ಅದರ ನಾಲ್ಕು ಪಟ್ಟು, ಅಂದರೆ 132. ಬರಿತಲೆಯಾಗಿದ್ದರೆ ಅಲ್ಲಿಗೆ ಕಥೆ ಮುಗೀತು. ಹೆಲ್ಮೆಟ್ ಇದ್ದರೆ ಈ ಬಂದೂಕಿನ ಏಟು 70 ಪರ್ಸೆಂಟ್ ಮಾತ್ರ ಒಳಗೆ ಹೋಗುತ್ತದೆ. 132ರಲ್ಲಿ 70 ಪರ್ಸೆಂಟ್ ಅಂದರೆ 92. ಉಳಿದದ್ದು 8. ಎಕೆಯ ಗುಂಡು 36ರದ್ದು, ಹೆಲ್ಮೆಟ್ ಇದ್ದರೂ 77.5 ಪರ್ಸೆಂಟ್ ಒಳಗೆ ಹೋಗುತ್ತದೆ. ಹಾಗಾಗಿ ತಲೆಗೆ ಬಿದ್ದರೆ 111. ನಿಮ್ಮ ತಲೆ ಮೇಲೆ ಹೆಲ್ಮೆಟ್ ಇದ್ದರೂ ಸಾವೇ, ಇಲ್ಲದಿದ್ದರೂ ಸಾವೇ. ಎದುರಾಳಿಗಳೆಲ್ಲ ಎಕೆ ಹಿಡಿದಿರುತ್ತಾರೆ ಅಂತ ಗೊತ್ತಿದ್ದಾಗ ಕೆಲವರು ಬರೀ ಕೆವ್ಲಾರ್ (ಮೈ ಕಾಯುವ ಕವಚ) ಕೊಂಡು ಹೆಲ್ಮೆಟ್ ದುಡ್ಡು ಉಳಿಸಿಕೊಳ್ಳೋದು ಇದಕ್ಕೇ.

ನನಗೆ ಜಾಸ್ತಿ ಇಷ್ಟವಾದ ಲೆಕ್ಕ ಕಾಲಿನದು. ಕೆವ್ಲಾರ್ ಕಾಲನ್ನು ಮುಚ್ಚುವುದಿಲ್ಲ. ಕಾಲಿಗೆ ಮುಕ್ಕಾಲು ಪಾಲು ಡ್ಯಾಮೇಜ್, ಎಂ4ಎ4ಗೆ ಅದು 24. ಕೆವ್ಲಾರ್ ಹಾಕಿದ ಎದೆಗೆ ಎಷ್ಟು ಗೊತ್ತಾ? 23. ಎದೆಗಿಂತ ಕಾಲಿಗೇ ಒಂದು ಜಾಸ್ತಿ! ಎದೆಗೆ ಗುರಿಯಿಟ್ಟ ಗುಂಡು ಕೆಳಗಿಳಿದು ಕಾಲಿಗೆ ತಾಗಿದರೂ ವ್ಯರ್ಥ ಅಲ್ಲ.

ಇನ್ನು ಆ 8. ಇಲ್ಲಿ ಮದ್ದಿಲ್ಲ, ಬ್ಯಾಂಡೇಜ್ ಇಲ್ಲ. ಹೋದ ಹೆಲ್ತ್ ಆ ರೌಂಡ್ ಮುಗಿಯುವವರೆಗೂ ವಾಪಸ್ ಬರೋದಿಲ್ಲ. ಆದರೆ 8 ಉಳಿದವನು 100 ಇದ್ದವನಷ್ಟೇ ವೇಗವಾಗಿ ಓಡುತ್ತಾನೆ, ಅಷ್ಟೇ ಗುರಿಯಿಟ್ಟು ಹೊಡೆಯುತ್ತಾನೆ. ಕಾಲೇಜಿನಲ್ಲಿ ಆಡುವಾಗ ಒಮ್ಮೆ ತಲೆಗೆ ಹೊಡೆದು, ಸತ್ತ ಅಂದುಕೊಂಡು ಪಕ್ಕದವನ ಕಡೆ ತಿರುಗಿದೆ. ಅದೇ 8 ಉಳಿದವನು ನನ್ನನ್ನು ಹೊಡೆದ. ರೌಂಡ್ ಹೋಯಿತು. ಆಮೇಲೆ ನಮ್ಮ ತಂಡದಲ್ಲಿ ಒಂದು ರೂಢಿ ಮಾಡಿಕೊಂಡೆವು. ಸತ್ತವನು ಸುಮ್ನೆ ಕೂರಬಾರದು, ಯಾರಿಗೆ ಎಷ್ಟು ಉಳಿದಿದೆ ಅಂತ ತಕ್ಷಣ ಕೂಗಿ ಹೇಳಬೇಕು. "ಬಾಕ್ಸ್ ಹಿಂದೆ ಇರೋನಿಗೆ ಎಂಟೇ ಇದೆ" ಅಂದರೆ ಸಾಕು, ಗೆಳೆಯ ತಲೆ ಹುಡುಕೋದಿಲ್ಲ. ಕಾಲಾದರೂ ಸರಿ, ಕೈಯಾದರೂ ಸರಿ, ಪಿಸ್ತೂಲಿನ ಒಂದು ಗುಂಡು ತಾಗಿಸುತ್ತಾನೆ.