ಅಕ್ಕಿ ಇದೆ, ಬೇಳೆ ಇಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ತಾಯಿ ತುಮಕೂರು ಜಿಲ್ಲೆಯ ಒಂದು ಪಟ್ಟಣದಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತಾರೆ. ತಂದೆ ಆಟೋ ಓಡಿಸುತ್ತಾರೆ. ಒಂಬತ್ತನೇ ಕ್ಲಾಸಿನ ಮಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8.6 ಬಂದಿತ್ತು. ಈ ವಯಸ್ಸಿಗೆ 12 ಆದರೂ ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದು, ಊಟದ ಸಲಹೆಗೆ ನನ್ನ ಹತ್ತಿರ ಕಳಿಸಿದರು.

"ಊಟಕ್ಕೇನೂ ಕಮ್ಮಿ ಮಾಡಿಲ್ಲ ಮೇಡಂ" ಅಂದರು ತಾಯಿ. ಸುಳ್ಳಲ್ಲ. ರೇಷನ್ ಅಕ್ಕಿ ಇತ್ತು, ಹೊಟ್ಟೆ ತುಂಬುತ್ತಿತ್ತು. ಆದರೆ ಹಿಂದಿನ ದಿನ ಏನೇನು ತಿಂದಿರಿ ಅಂತ ಕೇಳುತ್ತಾ ಹೋದರೆ ಬೆಳಗ್ಗೆ ಚಿತ್ರಾನ್ನ, ಟೀ. ಆಮೇಲೆ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಸಾರು. ಇದು 2024ರ ಮಾತು. ತೊಗರಿಬೇಳೆ ಕೆಜಿಗೆ 150 ರೂಪಾಯಿ ದಾಟಿತ್ತು. ರೇಷನ್ನಿನ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿದ್ದ ಕಾಲ ಅದು. ಆ ದುಡ್ಡೂ ಗೃಹಲಕ್ಷ್ಮಿಯ 2000ವೂ ಸಂಘದ ಸಾಲದ ವಾರದ ಕಂತಿಗೆ ಹೋಗುತ್ತಿತ್ತು. ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂರುತ್ತಾರೆ. ಬೇಳೆ ತಪ್ಪಿದರೆ ಕೇಳೋರು ಯಾರು?

ಬಡಿಸೋದು ಹೇಗೆ ಅಂತ ಕೇಳಿದೆ. ಗಂಡನಿಗೆ, ಮಗನಿಗೆ ಸೌಟನ್ನು ತಳದವರೆಗೆ ಇಳಿಸಿ ಗಟ್ಟಿ ಸಾರು. ಉಳಿದದ್ದಕ್ಕೆ ನೀರು ಬೆರೆಸಿ ಅಮ್ಮ, ಮಗಳು. ಯಾರೂ ಹಾಗೆ ಮಾಡು ಅಂದವರಲ್ಲ, ಸುಮ್ನೆ ರೂಢಿ. ಬೆಲೆ ಏರಿದಾಗ ಮನೆಯಲ್ಲಿ ಮೊದಲು ತೆಳ್ಳಗಾಗೋದು ಇವರಿಬ್ಬರ ತಟ್ಟೆಯೇ.

"ಹಣ್ಣು ತಿನ್ನಿ, ಡ್ರೈ ಫ್ರೂಟ್ಸ್ ತಿನ್ನಿ" ಅಂತ ಹೇಳಿ ಕಳಿಸೋದು ನನಗೆ ಹಿಡಿಸುವುದಿಲ್ಲ. ವಾರದಲ್ಲಿ ಮೂರು ದಿನ ತೊಗರಿ ಬಿಟ್ಟು ಹುರುಳಿ ಹಾಕಿ ಅಂದೆ. ಬೆಲೆ ಹೆಚ್ಚುಕಮ್ಮಿ ಅರ್ಧ, ಪ್ರೋಟೀನ್ ಅಷ್ಟೇ, ಕಬ್ಬಿಣ ತೊಗರಿಗಿಂತ ಜಾಸ್ತಿ. ಮೊಳಕೆ ಕಟ್ಟಿ ಸಾರು ಮಾಡಿ, ತಟ್ಟೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲು ನಿಂಬೆಯಂಥ ಹುಳಿ ಬೇಕು. ಊಟದ ಜೊತೆ ಟೀ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮಾತ್ರೆಯನ್ನೂ ಟೀ, ಹಾಲಿನ ಜೊತೆ ನುಂಗಬಾರದು. ಪಕ್ಕದ ಮನೆಯಲ್ಲಿ ನುಗ್ಗೆ ಮರ ಇದೆಯಂತೆ. ಸೊಪ್ಪು ಕೇಳೋಕೆ ಸಂಕೋಚ ಯಾಕೆ, ಅಲ್ವಾ?

ಹುಡುಗಿ ಶಾಲೆಯಲ್ಲಿ ಮೊಟ್ಟೆ ಬಿಟ್ಟು ಬಾಳೆಹಣ್ಣು ತಗೊಳ್ತಿದ್ದಳು, ವಾಸನೆ ಅಂತ. ಮೆಣಸಿನ ಪುಡಿ ಉಪ್ಪು ಪೊಟ್ಟಣ ಕಟ್ಟಿಕೊಂಡು ಹೋಗು ಅಂದೆ. ನಕ್ಕು ಒಪ್ಪಿದಳು.

ಮುಂದಿನ ಸಲ ತಂದೆಯನ್ನೂ ಕರೆಸಿದೆ. ಬೈಯಲಿಲ್ಲ. ರಿಪೋರ್ಟ್ ಕೈಗೆ ಕೊಟ್ಟು ತಟ್ಟೆಯ ವಿಷಯ ಹೇಳಿದೆ. "ಇದು ನನಗೆ ಗೊತ್ತೇ ಇರ್ಲಿಲ್ಲ ಮೇಡಂ" ಅಂದರು. ಇನ್ನು ಮೇಲೆ ನಾಲ್ವರೂ ಒಟ್ಟಿಗೆ ಕೂತು, ಸಾರು ಕದಡಿ ಬಡಿಸಿಕೊಳ್ಳೋದು ಅಂತ ತೀರ್ಮಾನವಾಯಿತು.

ಮೂರು ತಿಂಗಳಿಗೆ ಮಗಳದು 10.4 ಆಯಿತು. ಅದರಲ್ಲಿ ಮಾತ್ರೆಯ ಪಾಲು ದೊಡ್ಡದು, ಹುರುಳಿಗೇ ಎಲ್ಲ ಹೆಸರು ಕೊಡಲಾರೆ. ಕಂತು ಇನ್ನೂ ಇದೆ. ತಾಯಿಯ ರಕ್ತ ಪರೀಕ್ಷೆ ಮಾತ್ರ ಆಗಿಲ್ಲ. ರಜೆ ಹಾಕಿದರೆ ಆ ದಿನದ ಸಂಬಳದ ಜೊತೆ ಹಾಜರಿ ಬೋನಸ್ಸೂ ಹೋಗುತ್ತದಂತೆ.