ಕಣ್ಣಿನ ಸುತ್ತ ಕೆಂಪು ಬಳೆ

ಪ್ರಶ್ನೆ: ನನಗೆ 4 ವರ್ಷದಿಂದ ಲೂಪಸ್ (ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ. ಅದಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಮಗುವಿಗೆ ಈಗ 5 ವಾರ. ದಿನಾ ಎಣ್ಣೆ-ನೀರು ಹಾಕಿ ಜಗಲಿಯ ಎಳೆಬಿಸಿಲಲ್ಲಿ ಮಲಗಿಸುತ್ತಿದ್ದೆವು. ಹೋದ ವಾರದಿಂದ ಎರಡೂ ಕಣ್ಣಿನ ಸುತ್ತ ಬಳೆ ಒತ್ತಿದ ಹಾಗೆ ಕೆಂಪಾಗಿದೆ, ಹಣೆಗೂ ಹರಡಿದೆ. ಅಜ್ಜಿ ದೃಷ್ಟಿ ಅಂತಾರೆ. ಅತ್ತೆ, ಮಾತ್ರೆ ಹಾಲಿಗೆ ಸೇರಿ ಹೀಗಾಯ್ತು, ಹಾಲು ನಿಲ್ಲಿಸು ಅಂತಾರೆ. ನನ್ನ ಕಾಯಿಲೆ ಮಗುವಿಗೆ ಬಂತಾ?
– ಓದುಗಿ, ಶಿಡ್ಲಘಟ್ಟ

ಉತ್ತರ: ಹಾಲು ನಿಲ್ಲಿಸಬೇಡಿ. ಮಾತ್ರೆಯನ್ನೂ ನಿಲ್ಲಿಸಬೇಡಿ, ಹಾಲುಣಿಸುವ ತಾಯಿ ಅದನ್ನು ತೆಗೆದುಕೊಳ್ಳಬಹುದು. ನೋಡದೆ ಖಚಿತವಾಗಿ ಹೇಳಬಾರದು, ಆದರೆ ನೀವು ಬರೆದಿರುವುದು ನವಜಾತ ಲೂಪಸ್ ತರಹವೇ ಇದೆ. ಹೆಸರು ಹಾಗಿದ್ದರೂ ನಿಮ್ಮ ಕಾಯಿಲೆ ಮಗುವಿಗೆ ಅಂಟಿಲ್ಲ. ನಿಮ್ಮ ರಕ್ತದಲ್ಲಿ ಆಂಟಿ-ರೋ, ಆಂಟಿ-ಲಾ ಎಂಬ ಪ್ರತಿಕಾಯಗಳು (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನುಗಳು) ಇದ್ದರೆ ಅವು ಬಸುರಿನಲ್ಲೇ ಮಾಸಿನ ಮೂಲಕ ಮಗುವಿಗೆ ಹೋಗಿರುತ್ತವೆ. ಬಿಸಿಲು ಬಿದ್ದಾಗ ಚರ್ಮ ಕೆಂಪಾಗುತ್ತದೆ. 6–8 ತಿಂಗಳಲ್ಲಿ ಆ ಪ್ರತಿಕಾಯಗಳು ಕರಗುತ್ತವೆ, ಕಲೆಯೂ ಹೋಗುತ್ತದೆ. ಅಲ್ಲಿವರೆಗೆ ಜಗಲಿ ಬೇಡ. ಎಳೆಬಿಸಿಲು ಕಾಯಿಸಿಕೊಂಡೇ ನಾವೆಲ್ಲ ಬೆಳೆದವರು ಅಲ್ವಾ, ಆದರೂ ಈ ಮಗುವಿಗೆ ಅದು ಆಗುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದ ಕ್ರೀಮನ್ನೂ ಸುಮ್ನೆ ಹಚ್ಚಬೇಡಿ.

ನನಗೆ ಚಿಂತೆ ಇರುವುದು ಚರ್ಮದ್ದಲ್ಲ, ಹೃದಯದ್ದು. ಇದೇ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಹೃದಯ ಬಡಿಯಲು ಸಂಕೇತ ಒಯ್ಯುವ ತಂತಿಗೇ ಗಾಯ ಮಾಡುತ್ತವೆ. ಇವು ಇರುವ 100 ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಹೀಗಾಗುತ್ತದೆ, ಆದರೆ ಆ ಸಂಕೇತಕ್ಕೆ ಪೂರ್ತಿ ತಡೆಯಾದರೆ ಅದು ವಾಸಿಯಾಗುವುದಿಲ್ಲ, ಬಡಿತ ನಡೆಸುವ ಪುಟ್ಟ ಯಂತ್ರ ಪೇಸ್‌ಮೇಕರ್ ಬೇಕಾಗಬಹುದು. ಹೊಟ್ಟೆಯಲ್ಲಿದ್ದಾಗ ಬಡಿತ ಸರಿಯಿತ್ತು ಅಂದಿದ್ದರೂ ಈ ವಾರವೇ ಚಿಕ್ಕಬಳ್ಳಾಪುರಕ್ಕೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ, ಇಸಿಜಿ ಮಾಡಿಸಿ, ಜೊತೆಗೆ ಪ್ಲೇಟ್‌ಲೆಟ್ ಮತ್ತು ಲಿವರ್ ಪರೀಕ್ಷೆಯನ್ನೂ ಕೇಳಿ. ನಿಮ್ಮ ಹಳೆಯ ರಿಪೋರ್ಟುಗಳು ಕೈಯಲ್ಲಿರಲಿ. ಮಗು ನಾಲ್ಕು ಗುಟುಕು ಕುಡಿದು ಸುಸ್ತಾದರೆ, ಬೆವರಿದರೆ, ತುಟಿ ನೀಲಿಯಾದರೆ ವಾರ ಕಾಯಬೇಡಿ, ಆಗಲೇ ಹೊರಡಿ.

ಮುಂದಿನ ಬಸುರಿನಲ್ಲಿ ಈ ಅಪಾಯ ಜಾಸ್ತಿ. ಮೊದಲೇ ಡಾಕ್ಟರಿಗೆ ಹೇಳಿ, ಸುಮಾರು 16ನೇ ವಾರದಿಂದ ಮಗುವಿನ ಹೃದಯದ ಸ್ಕ್ಯಾನ್ ಶುರುಮಾಡುತ್ತಾರೆ. ನೀವು ನುಂಗುವ ಮಾತ್ರೆಯೇ ಆ ಅಪಾಯ ತಗ್ಗಿಸುತ್ತದೆ, ಇದನ್ನು ಅತ್ತೆಗೆ ಓದಿ ಹೇಳಿ.

ಅಜ್ಜಿ ದೃಷ್ಟಿ ತೆಗೆಯಲಿ ಬಿಡಿ. ನಡುಮನೆಯಲ್ಲಿ ತೆಗೆಯಲಿ, ಮೆಣಸಿನಕಾಯಿ ಹೊಗೆ ಮಾತ್ರ ಮಗುವಿನ ಮೂಗಿಗೆ ಬೇಡ.