ವೈದ್ಯರಿಂದ ಮುಚ್ಚಿಡುವ ಆಣೆ

ಪ್ರಶ್ನೆ: ನಮ್ಮ ಯಜಮಾನರಿಗೆ 64 ವರ್ಷ. ಹೃದಯಾಘಾತದ ನಂತರ ಹೃದಯ ದುರ್ಬಲವಾಗಿದೆಯೆಂದು ಮಾತ್ರೆಗಳನ್ನು ಕೊಟ್ಟಿದ್ದಾರೆ. ಈಚೆಗೆ ಮೂರು ದಿಂಬು ಇಲ್ಲದೆ ಮಲಗಲಾಗುತ್ತಿಲ್ಲ, ಪಾದಗಳು ಊದುತ್ತಿವೆ. ಆದರೂ ಡಾಕ್ಟರ ಮುಂದೆ ‘ಆರಾಮಾಗಿದ್ದೇನೆ’ ಎನ್ನುತ್ತಾರೆ. ಮುಂದಿನ ತಿಂಗಳು ಚೊಚ್ಚಲ ಹೆರಿಗೆಗೆ ಬರಲಿರುವ ಮಗಳಿಗೂ ಡಾಕ್ಟರಿಗೂ ಏನನ್ನೂ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಏನು ಮಾಡಲಿ?
– ಗೃಹಿಣಿ, ದಾವಣಗೆರೆ

ಉತ್ತರ: ಸಹೋದರಿ, ಮಗಳಿಗೆ ಯಾವಾಗ ತಿಳಿಸಬೇಕೆಂಬುದರಲ್ಲಿ ನಿಮ್ಮ ಯಜಮಾನರ ಮಾತಿಗೆ ಬೆಲೆಯಿದೆ, ವೈದ್ಯರಿಂದ ಮುಚ್ಚಿಡುವ ಮಾತಿಗೆ ಮಾತ್ರ ನೀವು ಕಟ್ಟುಬೀಳಬೇಕಾಗಿಲ್ಲ. ಮಲಗಿದರೆ ಉಸಿರು ಕಟ್ಟುವುದು, ಪಾದ ಊದುವುದು ವಯಸ್ಸಿನ ದಣಿವಲ್ಲ, ಹೃದಯವು ರಕ್ತವನ್ನು ಸಾಕಷ್ಟು ತಳ್ಳಲಾರದೆ ಶ್ವಾಸಕೋಶದಲ್ಲೂ ಕಾಲಿನಲ್ಲೂ ನೀರು ನಿಲ್ಲುತ್ತಿರುವುದರ ಗುರುತು. ಬೇಗ ತಿಳಿಸಿದರೆ ಎಷ್ಟೋ ಬಾರಿ ಮಾತ್ರೆಯ ಪ್ರಮಾಣ ಬದಲಾಯಿಸುವುದರಲ್ಲೇ ಮುಗಿಯುವ ತೊಂದರೆ, ತಡಮಾಡಿದರೆ ತುರ್ತು ಚಿಕಿತ್ಸೆಯವರೆಗೆ ಹೋಗುತ್ತದೆ. ಆದ್ದರಿಂದ ತಪಾಸಣೆಯ ತಾರೀಕಿಗೆ ಕಾಯದೆ ಇಂದೇ ವೈದ್ಯರಿಗೆ ಫೋನ್ ಮಾಡಿ. ಕುಳಿತಲ್ಲೇ ಏದುಸಿರು ಬಂದರೆ ಅಥವಾ ಎದೆ ನೋವು ಕಾಣಿಸಿಕೊಂಡರೆ 108ಕ್ಕೆ ಕರೆ ಮಾಡಿ.

ಆದರೆ ಬೆನ್ನ ಹಿಂದೆ ಹೇಳಬೇಡಿ, ಅವರೆದುರಿಗೇ ಹೇಳಿ. ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ತಕ್ಕಡಿಯಲ್ಲಿ ತೂಕ ನೋಡಿ, ಅದನ್ನೂ ರಾತ್ರಿಯ ದಿಂಬುಗಳ ಲೆಕ್ಕವನ್ನೂ ಅವರ ಕೈಯಲ್ಲೇ ಒಂದು ಪುಸ್ತಕದಲ್ಲಿ ಬರೆಸಿ. ಮೂರು ದಿನಗಳಲ್ಲಿ 2 ಕಿಲೋ ಏರಿದರೆ ವೈದ್ಯರಿಗೆ ತಿಳಿಸಬೇಕು. ಆ ಪುಸ್ತಕ ವೈದ್ಯರ ಮೇಜಿನ ಮೇಲಿದ್ದರೆ ‘ಆರಾಮಾಗಿದ್ದೇನೆ’ ಎಂಬ ಮಾತು ನಡೆಯುವುದಿಲ್ಲ.

ಮದುವೆ, ಪ್ರಯಾಣ ಎಂದಾಗ ನೀರಿಳಿಸುವ ಮಾತ್ರೆಯನ್ನು ಬಿಡುತ್ತಿದ್ದಾರೆಯೇ ಎಂದೂ ಗಮನಿಸಿ. ಪದೇ ಪದೇ ಮೂತ್ರಕ್ಕೆ ಏಳಬೇಕಾದ ಸಂಕೋಚಕ್ಕೆ ಅನೇಕರು ಹಾಗೆ ಮಾಡುತ್ತಾರೆ, ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನೇ ಕೇಳಬಹುದು. ಮಂಡಿನೋವಿಗೆಂದು ಅಂಗಡಿಯಿಂದ ತರುವ ನೋವಿನ ಮಾತ್ರೆಗಳು, ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪು, ಇವೆರಡೂ ವೈದ್ಯರನ್ನು ಕೇಳದೆ ಬೇಡ. (ಉಪ್ಪು ಕಡಿಮೆ ಮಾಡಲೆಂದು ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದ ಮನೆಗಳಲ್ಲೂ ಹಪ್ಪಳದ ಡಬ್ಬ ಕೆಳಗೇ ಇರುತ್ತದೆ.)

ಇನ್ನು ಮಗಳ ವಿಷಯ. ಗರ್ಭಿಣಿಗೆ ಚಿಂತೆ ಬೇಡವೆಂಬ ಅವರ ಕಾಳಜಿ ಸುಳ್ಳಲ್ಲ. ಮಗಳ ಕಣ್ಣಿಗೆ ರೋಗಿಯಾಗಿ ಕಾಣಬಾರದೆಂಬ ಹಟವೂ ಅದರಲ್ಲಿ ಸೇರಿರಬಹುದು. ಆದರೆ ಬಂದ ಮೊದಲ ರಾತ್ರಿಯೇ ಅವಳು ಅಪ್ಪನ ಕೆಮ್ಮು ಕೇಳುತ್ತಾಳೆ. ಅದಕ್ಕೆ ಮೊದಲು ಅವರೇ ಫೋನಿನಲ್ಲಿ ಹೇಳಲಿ, ನೀವು ಪಕ್ಕದಲ್ಲಿರಿ. ಬಾಣಂತನವನ್ನೂ ಈ ಆರೈಕೆಯನ್ನೂ ಒಬ್ಬರೇ ಹೊರಲು ನಿಮ್ಮಿಂದಾಗದು. ನೆರವಿಗೆ ಯಾರನ್ನು ಕರೆಸಬೇಕು, ಅಥವಾ ಹೆರಿಗೆ ಅಳಿಯನ ಊರಿನಲ್ಲೇ ಆಗಲಿ ಎನ್ನಬೇಕೇ ಎಂಬುದನ್ನು ಅದೇ ಫೋನಿನಲ್ಲಿ ಮಾತಾಡಿಕೊಳ್ಳಿ.